ಪಟ್ಟಿಯಲ್ಲಿ ಹೆಸರು ಬರೆಯುವ ಮುಂಚೆ

ಸಾಗರ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆ ಕೊಯ್ಲು ಮುಗಿಯುತ್ತಾ ಬಂತು. ದೊಡ್ಡಮ್ಮನ ಮೊಣಕಾಲು ನೋವು ಈಗ ಎಷ್ಟೋ ವಾಸಿ.

ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ನಿಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ನಿನ್ನ ಕೈಕೆಳಗೆ ಎಂಟು ಜನ. ಎಂಟೂ ಜನ ಒಪ್ಪಿಕೊಂಡ ಕೆಲಸ ಮುಗಿಸಿದ್ದಾರೆ. ಆದರೂ ಒಬ್ಬರನ್ನು ಕೆಳಗಿನ ದರ್ಜೆಗೆ ಹಾಕಲೇಬೇಕು ಅಂತ ಮೇಲಿನವರ ತಾಕೀತು. ಆ ಒಬ್ಬರು ಯಾರು ಅಂತ ನೀನೇ ಬರೆದುಕೊಡಬೇಕು. ಮ್ಯಾನೇಜರ್ ಆದ ಮೊದಲ ವರ್ಷವೇ ಇಂಥ ಕೆಲಸ ಬಂತಲ್ಲ ಅಂತ ನನಗೂ ಸಂಕಟವಾಯಿತು.

ಈ ಪದ್ಧತಿಯ ಬಗ್ಗೆ ಸ್ವಲ್ಪ ಓದಿದೆ. ಇದನ್ನು ಹೆಸರುವಾಸಿ ಮಾಡಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜಾಕ್ ವೆಲ್ಚ್. 1981ರಿಂದ 2001ರವರೆಗೆ ಆ ಕಂಪನಿ ಅವರ ಕೈಯಲ್ಲಿತ್ತು. ನೂರರಲ್ಲಿ 20 ಜನ ಮೇಲೆ, 70 ಜನ ನಡುವೆ, 10 ಜನ ಕೆಳಗೆ. ಕೆಳಗಿನವರು ಮನೆಗೆ. ದೊಡ್ಡ ದೊಡ್ಡ ಕಂಪನಿಗಳು ಇದನ್ನು ನಕಲು ಮಾಡಿದವು. ಮೈಕ್ರೋಸಾಫ್ಟ್‌ನಲ್ಲೂ ಇಂಥದ್ದೇ ಇತ್ತು. ಒಳ್ಳೆ ಕೆಲಸಗಾರರು ಇನ್ನೊಬ್ಬ ಒಳ್ಳೆ ಕೆಲಸಗಾರನ ಜೊತೆ ಒಂದೇ ತಂಡದಲ್ಲಿ ಇರೋಕೆ ಹಿಂಜರಿಯುತ್ತಿದ್ದರು ಅಂತ ಅಲ್ಲಿದ್ದವರೇ ಹೇಳಿದ್ದಾರೆ. ಪಕ್ಕದವನು ಗೆದ್ದರೆ ತಾನು ಕೆಳಗೆ ಬೀಳಬೇಕಲ್ಲ! 2013ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ನಿಮ್ಮವರು ಇನ್ನೂ ಹಿಡಿದುಕೊಂಡಿದ್ದಾರೆ.

ದರ್ಜೆ ಮಾಡುವುದೇ ತಪ್ಪು ಅಂತ ನಾನು ಹೇಳಲ್ಲ. ನಾವು ಅಡಿಕೆಯವರು. ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡದಿದ್ದರೆ ಮಂಡಿಯಲ್ಲಿ ಯಾರೂ ಮುಟ್ಟುವುದಿಲ್ಲ. ರಾಶಿಗೂ ಕೆಳಗಿನ ದರ್ಜೆಯ ಗೊರಬಲಿಗೂ ದರದಲ್ಲಿ ಎಷ್ಟು ಅಂತರ ಅಂತ ನಿನಗೇ ಗೊತ್ತು. ಆದರೆ ಅಲ್ಲಿ ನೋಡುವ ರೀತಿ ನೋಡು. ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆಯುತ್ತಾರೆ. ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ. ಅಡಕತ್ತರಿಯಲ್ಲಿ ಒಂದೆರಡು ಕತ್ತರಿಸಿ ಒಳಗಿನ ತಿರುಳು ನೋಡುತ್ತಾರೆ. ಆಮೇಲೆ ದರ ಹೇಳುತ್ತಾರೆ. ದರ್ಜೆ ಇರುವುದು ಅಡಿಕೆಯಲ್ಲಿ. ಚೀಲ ಪೂರ್ತಿ ರಾಶಿಯೇ ಆಗಿದ್ದರೂ ಅದರಲ್ಲಿ ಹತ್ತನೇ ಒಂದು ಪಾಲನ್ನು ಗೊರಬಲು ಅಂತ ಬರೆಯಬೇಕು ಅಂತ ಯಾರಾದರೂ ಹೇಳಿದರೆ ಮಂಡಿಯಲ್ಲಿ ಜಗಳವೇ ಆಗುತ್ತದೆ. ಶಿವಮೊಗ್ಗದಲ್ಲಿ 1939ರಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘ ಮ್ಯಾಮ್ಕೋಸ್ ಕಟ್ಟಿಕೊಂಡದ್ದೇ ಬೆಳೆಗಾರನ ಮಾಲಿಗೆ ನ್ಯಾಯವಾದ ಬೆಲೆ ಸಿಗಲಿ ಅಂತ. ಮನುಷ್ಯರಿಗೆ ಅಷ್ಟೂ ನ್ಯಾಯ ಬೇಡವಾ?

ಕಂಪನಿಗೆ ಕಷ್ಟ ಇರಬಹುದು, ಅದು ನನಗೂ ಅರ್ಥವಾಗುತ್ತದೆ. ಕೊರೋನಾ ಕಾಲದಲ್ಲಿ ಬಡ್ಡಿ ಅಗ್ಗ, ಆನ್‌ಲೈನ್ ಕೆಲಸ ಜಾಸ್ತಿ, ಕಂಡಕಂಡವರನ್ನು ಸೇರಿಸಿಕೊಂಡರು. 2022ರ ಮಾರ್ಚ್‌ನಿಂದ 2023ರ ಜುಲೈ ಒಳಗೆ ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿಯನ್ನು ಹೆಚ್ಚುಕಡಿಮೆ ಸೊನ್ನೆಯಿಂದ ಶೇ. 5ರ ಮೇಲಕ್ಕೆ ಏರಿಸಿತು. ಅಲ್ಲಿನ ಗಿರಾಕಿಗಳು ಖರ್ಚಿಗೆ ಕೈ ಬಿಗಿ ಹಿಡಿದರೆ ಬೆಂಗಳೂರಿಗೆ ಬರುವ ಪ್ರಾಜೆಕ್ಟೂ ಕಡಿಮೆಯಾಗುತ್ತದೆ. ಈಗ ಎಐ ಬೇರೆ ಬಂದಿದೆ. ಸರಿ, ದುಡ್ಡಿಲ್ಲ ಅಂದರೆ ದುಡ್ಡಿಲ್ಲ ಅಂತ ಹೇಳಲಿ. ಪರಿಹಾರ ಕೊಟ್ಟು, ಬೆನ್ನು ತಟ್ಟಿ ಕಳಿಸಲಿ. ಅದು ಬಿಟ್ಟು 'ಇವನ ಯೋಗ್ಯತೆ ಸಾಲದು' ಅಂತ ನಿನ್ನ ಕೈಯಲ್ಲಿ ಯಾಕೆ ಬರೆಸಬೇಕು? ಆ ಹುಡುಗ ಮುಂದಿನ ಇಂಟರ್‌ವ್ಯೂಗೆ ಹೋದಾಗಲೂ ಆ ಮಾತು ಅವನ ಮನಸ್ಸಿನಲ್ಲಿ ಕೊರೆಯುತ್ತಿರುತ್ತದೆ. ನಾನು ನಿನಗೆ ಗಟ್ಟಿಯಾಗಿ ಹೇಳುವುದು ಇದೊಂದೇ. ಸುಳ್ಳು ಕಾರಣ ಬರೆಯಬೇಡ.

ಹಾಗಂತ ಸುಮ್ನೆ ಕೂರಬೇಡ. ಪ್ರತಿಯೊಬ್ಬರೂ ವರ್ಷಪೂರ್ತಿ ಏನು ಮಾಡಿದರು ಅಂತ ಒಂದೊಂದು ಪುಟ ಬರೆದುಕೋ. ಕೊನೆಯ ತಿಂಗಳದ್ದು ಮಾತ್ರ ನೆನಪಿನಲ್ಲಿ ಉಳಿದಿರುತ್ತದೆ, ಅದಕ್ಕೇ ಹೇಳಿದೆ. ಯಾರಿಗೆ ಎಂಥ ಕೆಲಸ ಕೊಟ್ಟಿದ್ದೆ ಅಂತಲೂ ನೋಡು. ಹಳೇ ಸಾಫ್ಟ್‌ವೇರ್ ಕೆಟ್ಟು ನಿಲ್ಲದ ಹಾಗೆ ನೋಡಿಕೊಂಡವನ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆರಿಗೆ ರಜೆ ಮುಗಿಸಿ ಬಂದ ಹುಡುಗಿ ಒಬ್ಬಳಿದ್ದಾಳೆ ಅಂದಿದ್ದೆ. ಆ 26 ವಾರ 2017ರಿಂದ ಕಾನೂನೇ ಕೊಟ್ಟಿರುವ ಹಕ್ಕು. ಅದನ್ನು ಕೆಲಸ ಮಾಡದ ಕಾಲ ಅಂತ ಲೆಕ್ಕ ಹಾಕಬೇಡ, ಬೇರೆಯವರು ಹಾಕಿದರೂ ಒಪ್ಪಬೇಡ. ಆರು ಗಂಟೆಗೆ ಎದ್ದು ಮನೆಗೆ ಹೋಗುವವನನ್ನು ಸೋಮಾರಿ ಅನ್ನಬೇಡ. ಕೆಲಸ ಮುಗಿದಿದೆಯಾ, ಅಷ್ಟು ನೋಡು ಸಾಕು.

ನಿಜವಾಗಿ ಯಾರಾದರೂ ಹಿಂದೆ ಬಿದ್ದಿದ್ದರೆ ಎದುರಿಗೆ ಕೂರಿಸಿಕೊಂಡು ಹೇಳು. 'ಆಟಿಟ್ಯೂಡ್ ಸರಿಯಿಲ್ಲ' ಅನ್ನುವಂಥ ಮಾತು ಬೇಡ. ಯಾವ ಕೆಲಸ, ಯಾವತ್ತು, ಏನಾಯಿತು, ಅದನ್ನು ಹೇಳು. ಕಾಗದದಲ್ಲಿ ಬರುವ ಮಾತು ಅವರಿಗೆ ಮೊದಲೇ ನಿನ್ನ ಬಾಯಿಂದ ಗೊತ್ತಾಗಿರಬೇಕು.

ಎಂಟೂ ಜನ ಸರಿಯಾಗಿಯೇ ಇದ್ದರೆ ಹಾಗಂತಲೇ ನಿನ್ನ ಮೇಲಿನವರಿಗೆ ಬರೆದುಕೊಡು. ಬಾಯಿ ಮಾತಲ್ಲಿ ಬೇಡ, ಇಮೇಲ್‌ನಲ್ಲಿ ಕೊಡು. ಸಿಟ್ಟಿನ ಮಾತು ಒಂದೂ ಇರಬಾರದು, ಲೆಕ್ಕ ಎಲ್ಲ ಇರಬೇಕು. ಅವರು ಕೇಳದೆ ಹೋಗಬಹುದು. ನಿನ್ನ ಮೇಲೇ ಮುನಿಸಿಕೊಳ್ಳಲೂಬಹುದು. ಅದಕ್ಕೇ ಆ ಫ್ಲಾಟಿನ ವಿಷಯ ಇನ್ನೊಂದು ವರ್ಷ ಮುಂದೂಡು ಅನ್ನುತ್ತಿರುವುದು. ಸಂಬಳದ ಅರ್ಧಕ್ಕಿಂತ ಜಾಸ್ತಿ ಇಎಂಐಗೆ ಹೋದರೆ 'ಆಗಲ್ಲ ಸಾರ್' ಅನ್ನೋಕೆ ಬಾಯೇ ಬರುವುದಿಲ್ಲ. ಆರು ತಿಂಗಳ ಖರ್ಚಿನಷ್ಟು ದುಡ್ಡು ಬ್ಯಾಂಕಿನಲ್ಲಿ ಇಟ್ಟುಕೋ. ಕಡಿಮೆ ಬಿದ್ದರೆ ನಾನಿದ್ದೇನೆ. ಸಂಕೋಚ ಬೇಡ.

ಪಟ್ಟಿ ಕೊಡಬೇಕಾದ ದಿನ ಯಾವತ್ತು ಅಂತ ತಿಳಿಸು. ಅದಕ್ಕೂ ಮುಂಚೆ ಒಂದು ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿ ಬಾ. ಇಬ್ಬರೂ ಕೂತು ಆ ಇಮೇಲ್ ಬರೆಯೋಣ. ಹೆಸರು ನನಗೆ ಬೇಡ, ಕೆಲಸದ ವಿವರ ಸಾಕು.

ಇಂತಿ,
ನಿನ್ನ ದೊಡ್ಡಪ್ಪ