‘ನಿಷ್ಪಕ್ಷಪಾತ’ ಎಂದು ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ಆನೆ ತುಳಿದ ತೋಟದ ಪರಿಹಾರವಿರಲಿ, ಸಹಕಾರ ಸಂಘದ ಲೆಕ್ಕಪತ್ರವಿರಲಿ, ಕೊಡಗಿನ ಸುದ್ದಿಗಳಲ್ಲಿ ‘ನಿಷ್ಪಕ್ಷಪಾತ ತನಿಖೆಗೆ ಆಗ್ರಹ’ ಎಂಬ ತಲೆಬರಹ ಪದೇ ಪದೇ ಕಾಣುತ್ತದೆ. ಒಳಗೆ ಓದಿದರೆ ಅದೇ ಬೇಡಿಕೆ ಒಂದು ಸಾಲಿನಲ್ಲಿ ‘ನ್ಯಾಯಯುತ’, ಮುಂದಿನದರಲ್ಲಿ ‘ಪಾರದರ್ಶಕ’, ಕೊನೆಗೆ ‘ತಟಸ್ಥ ಸಂಸ್ಥೆಯಿಂದ’ ಎಂದಾಗಿರುತ್ತದೆ. ಇವು ನಾಲ್ಕು ಬೇರೆ ಬೇರೆ ಬೇಡಿಕೆಗಳು. ಒಂದನ್ನು ಪೂರೈಸಿ ನಾಲ್ಕನ್ನೂ ಪೂರೈಸಿದೆವೆಂದು ಹೇಳಿಕೊಳ್ಳಲು ಕಚೇರಿಗಳಿಗೆ ಈ ಕಲಸುಮೇಲೋಗರ ಅನುಕೂಲ ಮಾಡಿಕೊಡುತ್ತಿದೆ.

ತಟಸ್ಥ ಎಂದರೆ ದಡದಲ್ಲಿ ನಿಂತವನು, ಜಗಳಕ್ಕೆ ಇಳಿಯದವನು. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ನೋಡಿದವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಅಂಪೈರ್ ತಟಸ್ಥನಾಗಿ ನಿಂತರೆ ಪಂದ್ಯ ನಡೆಯುವುದಿಲ್ಲ. ತಪ್ಪು ಕಂಡ ಕೂಡಲೇ ಸೀಟಿ ಊದಿ ಒಂದು ಒಕ್ಕದ (ಕೊಡವ ಮನೆತನದ) ವಿರುದ್ಧ ಪೆನಾಲ್ಟಿ ಕಾರ್ನರ್ ಕೊಡಲೇಬೇಕು. ಅದೇ ತಪ್ಪಿಗೆ ಇನ್ನೊಂದು ಒಕ್ಕಕ್ಕೂ ಅದೇ ಶಿಕ್ಷೆ ಕೊಟ್ಟಾಗ ಅವನು ನಿಷ್ಪಕ್ಷಪಾತಿ. ತನಿಖಾಧಿಕಾರಿಯಿಂದ ಬಯಸಬೇಕಾದದ್ದು ಇದನ್ನೇ. ‘ತಟಸ್ಥ ಧೋರಣೆ ತಳೆದರು’ ಎಂದು ಅವರನ್ನು ಹೊಗಳಿದರೆ ಕೆಲಸ ಮಾಡಲಿಲ್ಲ ಎಂದೇ ಅರ್ಥ.

ನಿಷ್ಪಕ್ಷಪಾತವನ್ನು ಅಳೆಯುವುದು ಹೇಗೆ? ಅರಣ್ಯ ಇಲಾಖೆಯದ್ದೇ ಒಂದು ಪ್ರಕರಣವಿದೆ: ಎ.ಕೆ. ಕ್ರೈಪಾಕ್ ಪ್ರಕರಣ, ಸುಪ್ರೀಂ ಕೋರ್ಟ್, 1969. ಜಮ್ಮು ಮತ್ತು ಕಾಶ್ಮೀರದ ಅಧಿಕಾರಿಗಳನ್ನು ಭಾರತೀಯ ಅರಣ್ಯ ಸೇವೆಗೆ ಆರಿಸುವ ಮಂಡಳಿಯಲ್ಲಿ ಸದಸ್ಯರಾಗಿದ್ದವರೊಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಅವರು ಹೊರಗಿದ್ದರು. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ, ಕ್ರಮಾಂಕದ ಪಟ್ಟಿ ಸಿದ್ಧವಾದಾಗ ಒಳಗಿದ್ದರು. ನ್ಯಾಯಾಲಯ ಆಯ್ಕೆಯನ್ನೇ ರದ್ದುಪಡಿಸಿತು. ಅವರ ಮನಸ್ಸಿನಲ್ಲಿ ಏನಿತ್ತೆಂದು ಸಾಬೀತುಪಡಿಸಬೇಕಾಗಿಲ್ಲ, ಪಕ್ಷಪಾತ ನಡೆಯುವ ಸಹಜ ಸಂಭವ ಇತ್ತೇ ಎಂದಷ್ಟೇ ನೋಡಬೇಕು ಎಂಬುದು ಅಲ್ಲಿನ ತತ್ವ. ನಮ್ಮ ವರದಿಗಳಲ್ಲಿ ಅಧಿಕಾರಿಯ ಗುಣಗಾನ ಬರುತ್ತದೆ, ದೂರಿಗೆ ಗುರಿಯಾದವರಿಗೂ ಅವರಿಗೂ ಇರುವ ಸಂಬಂಧ ಬರುವುದಿಲ್ಲ. ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ಬಗೆಯಲ್ಲಿ ನೆಂಟರಾಗಿರುವ ಈ ಪುಟ್ಟ ಜಿಲ್ಲೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ನೆಂಟಸ್ತಿಕೆ ಇರುವುದು ಅಪರಾಧವೇನಲ್ಲ. ಅದನ್ನು ಮೊದಲೇ ಬರೆದುಕೊಟ್ಟು, ಆ ಕಡತದಿಂದ ಪೂರ್ತಿ ದೂರ ಸರಿಯಬೇಕು. ಅರ್ಧ ಹೊತ್ತು ಹೊರಗೆ ಕೂತರೆ ಸಾಲದು.

ಇನ್ನು ನ್ಯಾಯಯುತ. ಮನುಷ್ಯನಲ್ಲಿ ಪಕ್ಷಪಾತ ಇಲ್ಲದಿದ್ದರೂ ವಿಧಾನ ತಪ್ಪಿದ್ದರೆ ಅನ್ಯಾಯವಾಗುತ್ತದೆ. ರೋಬಸ್ಟಾ ಕಾಫಿ ಚೆರಿಯ (ಒಣಗಿಸಿದ ಹಣ್ಣಿನ) ಓಟಿ, ಅಂದರೆ ಔಟ್‌ಟರ್ನ್, ಪರೀಕ್ಷೆಯನ್ನೇ ತೆಗೆದುಕೊಳ್ಳಿ. 50 ಕಿಲೋ ಚೀಲದಿಂದ ಎಷ್ಟು ಕಿಲೋ ಬೇಳೆ ಸಿಗುತ್ತದೆ ಎಂಬುದೇ ಓಟಿ; ದರ ನಿಲ್ಲುವುದು ಅದರ ಮೇಲೆ. ನೂರು ಗ್ರಾಂ ಮಾದರಿ ಹಲ್ ಮಾಡಿ (ಸಿಪ್ಪೆ ಬಿಡಿಸಿ) 54 ಗ್ರಾಂ ಬೇಳೆ ಬಂದರೆ ಓಟಿ 27. ಅಂದರೆ ಮಾದರಿಯಲ್ಲಿ ಒಂದೇ ಗ್ರಾಂ ತಪ್ಪಿದರೆ ಅರ್ಧ ಓಟಿ ಹೋಯಿತು. ನೂರು ಚೀಲಕ್ಕೆ 50 ಕಿಲೋ ಬೇಳೆ! ತೂಗಿದವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಚೀಲದ ಬಾಯಿಂದ ಒಂದು ಹಿಡಿ ಬಾಚಿ ಮಾದರಿ ಎಂದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಸಾಗಾಟದಲ್ಲಿ ಅಲುಗಾಡಿ ಧೂಳು, ಸಣ್ಣ ಚೂರುಗಳು ತಳ ಸೇರುತ್ತವೆ. ಮೇಲಿಂದ, ನಡುವಿನಿಂದ, ತಳದಿಂದ ತೆಗೆದು, ಒಟ್ಟಿಗೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳುತ್ತಾ ಬರಬೇಕು. ಹಲ್ ಮಾಡುವ ಮೊದಲು ತೇವಾಂಶವನ್ನು ಮಾರುವವರು, ಕೊಳ್ಳುವವರು ಇಬ್ಬರ ಎದುರು ನೋಡಬೇಕು. ಒದ್ದೆ ಬೇಳೆ ತೂಕ ಹೆಚ್ಚು ತೋರಿಸಿ ಕೊಳ್ಳುವವರಿಗೆ ನಷ್ಟ ಮಾಡುತ್ತದೆ; ತೇವದ ಹೆಸರಿನಲ್ಲಿ ಕಣ್ಣಂದಾಜಿಗೆ ಮುರಿದುಕೊಂಡರೆ ಬೆಳೆಗಾರರಿಗೆ ನಷ್ಟ. ಉಳಿದ ಮಾದರಿಯಲ್ಲಿ ಒಂದು ಪೊಟ್ಟಣವನ್ನು ಇಬ್ಬರ ಸಹಿ ಹಾಕಿ ಮುಚ್ಚಿಟ್ಟರೆ ತಕರಾರು ಬಂದಾಗ ಮರುಪರೀಕ್ಷೆಗೆ ದಾರಿ ಇರುತ್ತದೆ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಎಲೆಕ್ಟ್ರಾನಿಕ್ ತಕ್ಕಡಿಗಾದರೆ 12 ತಿಂಗಳಿಗೊಮ್ಮೆ ಪರಿಶೀಲನೆ ಆಗಿರಬೇಕು. ‘ನ್ಯಾಯಯುತ ದರ ಸಿಗಲಿಲ್ಲ’ ಎಂಬ ವರದಿ ಇವುಗಳಲ್ಲಿ ಯಾವುದು ತಪ್ಪಿತು ಎಂದು ಹೇಳಿದರೆ ಓದುಗರಿಗೆ ಉಪಯೋಗ.

ಪಾರದರ್ಶಕ ಎಂದರೆ ಕಾಣುವಂಥದ್ದು, ಅಷ್ಟೇ. ಪಕ್ಷಪಾತದ ಆದೇಶವನ್ನೂ ವೆಬ್‌ಸೈಟಿಗೆ ಹಾಕಬಹುದು.

‘ನಿರ್ದಾಕ್ಷಿಣ್ಯ ಕ್ರಮ’ ಎಂಬ ಇನ್ನೊಂದು ಮಾತು ಸಚಿವರಿಗೂ ಅಧಿಕಾರಿಗಳಿಗೂ ಬಲು ಪ್ರಿಯ. ಮುಲಾಜು ನೋಡುವುದಿಲ್ಲ ಎಂಬುದು ಒಳ್ಳೆಯದೇ. ಆದರೆ ರಸ್ತೆ ಬದಿಯ ಬಡವರ ಅಂಗಡಿಯನ್ನು ಎತ್ತಿಸುವಾಗ ಮಾತ್ರ ದಾಕ್ಷಿಣ್ಯ ಬಿಟ್ಟು, ದೊಡ್ಡ ಕಟ್ಟಡದ ಒತ್ತುವರಿಗೆ ನೋಟಿಸನ್ನೂ ಕೊಡದಿದ್ದರೆ ಅದು ಬರೀ ಕಠೋರತನ. ಸಚಿವರು, ನ್ಯಾಯಾಧೀಶರು ಸ್ವೀಕರಿಸುವ ಪ್ರಮಾಣವಚನದಲ್ಲಿ ಭಯ, ಪಕ್ಷಪಾತ, ರಾಗ, ದ್ವೇಷ ಎಂಬ ನಾಲ್ಕನ್ನೂ ಬಿಡಬೇಕೆಂದಿದೆ. ದಾಕ್ಷಿಣ್ಯವೊಂದನ್ನು ಬಿಟ್ಟು ದ್ವೇಷವನ್ನು ಇಟ್ಟುಕೊಂಡವರಿಗೆ ಆ ಪ್ರಮಾಣ ಅರ್ಥವಾಗಿಲ್ಲ.

ಆದ್ದರಿಂದ ಪತ್ರಿಕೆಯಲ್ಲಿ ಒಂದು ವಿನಂತಿ. ತನಿಖೆ, ಸಮೀಕ್ಷೆ, ಪರಿಹಾರ, ಆಯ್ಕೆ ಯಾವುದರ ಸುದ್ದಿಯೇ ಇರಲಿ, ನಿರ್ಧಾರ ಮಾಡುವವರು ಯಾರು, ಅವರಿಗೆ ಅದರಲ್ಲಿ ಲಾಭವೋ ಸಂಬಂಧವೋ ಇದೆಯೇ, ಎದುರಿನವರ ಮಾತು ಕೇಳಲಾಯಿತೇ, ಕಾರಣಗಳನ್ನು ಲಿಖಿತವಾಗಿ ಕೊಟ್ಟರೇ ಎಂಬುದನ್ನು ಎರಡು ಸಾಲಿನಲ್ಲಾದರೂ ಸೇರಿಸಿ. ಕೊನೆಯದಂತೂ ಯಾರದೋ ದಯೆಯಲ್ಲ: ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಕಾರಣ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಹೇಳುತ್ತದೆ. ಪರಿಹಾರದ ಅರ್ಜಿ ತಿರಸ್ಕೃತವಾದ ಬೆಳೆಗಾರರು ಈ ಕಲಮನ್ನು ನಮೂದಿಸಿಯೇ ಕಾರಣ ಕೇಳಬಹುದು.

– ಓದುಗರು, ಗೋಣಿಕೊಪ್ಪಲು