ಸೀಮೆಸುಣ್ಣದ ವಿಷಯದಲ್ಲಿ ನೀನೇ ಗೆದ್ದೆ ಮಾರಾಯ

ಲೋ ಗಡ್ಡ,

ಇದನ್ನು ವಾಟ್ಸಾಪ್ ಮಾಡಬಹುದಿತ್ತು. ನೀನು ಓದದೆಯೇ ಹೆಬ್ಬೆಟ್ಟು ಒತ್ತುತ್ತೀಯ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ, ಸಾಕ್ಷಿ ಇರಲಿ.

ಮೊನ್ನೆ ರಾತ್ರಿ 'ಪ್ಯಾನ್ಸ್ ಲ್ಯಾಬಿರಿಂತ್' ಸಿನಿಮಾ ಮತ್ತೆ ನೋಡಿದೆ. ವಿಜಯನಗರದ ರೂಮಿನಲ್ಲಿ ಇದಕ್ಕಾಗಿ ಬೆಳಗಿನ ಜಾವದವರೆಗೆ ಜಗಳ ಆಡಿದ್ದೆವಲ್ಲ? ಕೊಂಬಿನ ಫಾನ್ ಅನ್ನೋ ಅರ್ಧ ಮೇಕೆ ಅರ್ಧ ಮನುಷ್ಯ, ಅಂಗೈಯಲ್ಲಿ ಕಣ್ಣಿರುವ ರಾಕ್ಷಸ, ಎಲ್ಲ ಕಥೆಯ ಪುಟ್ಟ ಹುಡುಗಿ ಒಫೀಲಿಯಾಳ ಕಲ್ಪನೆ ಅಂತ ನಾನು. ಕೊನೆಗೆ ಅವಳ ಮಲತಂದೆ ಕ್ಯಾಪ್ಟನ್ ಬಂದು ನೋಡಿದಾಗ ಅವಳೆದುರು ಯಾರೂ ಇರುವುದಿಲ್ಲ, ಇನ್ನೇನು ಬೇಕು? ಹಾಗಾದರೆ ಗೋಡೆಗೆ ಸೀಮೆಸುಣ್ಣದಲ್ಲಿ ಬಾಗಿಲು ಬರೆದು, ಬೀಗ ಹಾಕಿದ ಕೋಣೆಯಿಂದ ಹೇಗೆ ಹೊರಬಂದಳು ಅಂತ ನೀನು. ನಿರ್ದೇಶಕ ಗಿಯೆರ್ಮೊ ದೆಲ್ ತೊರೊ ಕೂಡ ನಿನ್ನ ಪಾರ್ಟಿಯೇ ಅಂತ ಆಮೇಲೆ ಗೊತ್ತಾಯಿತು. ಬೇಕಂತಲೇ ಹೇಳಿರಲಿಲ್ಲ. ಮೂರನೇ ಇಡ್ಲಿಯ ಸೇಡು ಅಂದುಕೋ.

ಈ ಸಲ ರಾಕ್ಷಸನಿಗೆ ಹೆದರಲಿಲ್ಲ. 1944ರ ಸ್ಪೇನ್, ಕಾಡಿನ ನಡುವೆ ಒಂದು ಹಳೇ ಗಿರಣಿ, ಸುತ್ತ ಸೈನಿಕರು. ಒಫೀಲಿಯಾ ಜೊತೆ ಆಡಲು ಒಂದು ಮಗುವೂ ಇಲ್ಲ. ಬಸುರಿ ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಮಂಚದ ಕೆಳಗೆ ಹಾಲಿನ ಬಟ್ಟಲಲ್ಲಿ ಒಂದು ಬೇರು ಇಟ್ಟು, ದಿನಾ ಎರಡು ಹನಿ ರಕ್ತ ಹಾಕುತ್ತಾಳೆ ಹುಡುಗಿ. ಅಮ್ಮ ಚೇತರಿಸಿಕೊಳ್ಳುತ್ತಾಳೆ. ಆಮೇಲೆ ಗುಟ್ಟು ಬಯಲಾಗುತ್ತದೆ. ಮಾಯೆಗೀಯೆ ಏನೂ ಇಲ್ಲ ಅಂತ ಅಮ್ಮನೇ ಅದನ್ನು ಬೆಂಕಿಗೆ ಎಸೆಯುತ್ತಾಳೆ. ಬೇರು ಕಿರುಚುತ್ತದೆ. ಅಮ್ಮ ಕುಸಿಯುತ್ತಾಳೆ.

ಅಲ್ಲಿಗೆ ನಿಲ್ಲಿಸಿ, ಎದ್ದು ಹೋಗಿ ನೀರು ಕುಡಿದೆ.

ನಿನಗೆ ಇದನ್ನು ಹೇಳಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ಮೂರು ತಿಂಗಳು ಮಲಗಿಬಿಟ್ಟಿದ್ದಳು. ನನ್ನ ಪಾಲಿನ ಬೆಲ್ಲವನ್ನು ದಿನಾ ಅಟ್ಟದ ಮೂಲೆಯಲ್ಲಿ ಇಡುತ್ತಿದ್ದೆ. ಅಲ್ಲಿ ಒಬ್ಬನಿದ್ದ. ನಮ್ಮಿಬ್ಬರಲ್ಲಿ ಮಾತುಕತೆ ಆಗಿತ್ತು. ಒಂದು ದಿನ ಅಜ್ಜಿ ಇರುವೆ ಸಾಲು ಹಿಡಿದು ಮೇಲೆ ಹತ್ತಿ, ಎಲ್ಲ ಗುಡಿಸಿಬಿಟ್ಟಳು. ಅದೇ ವಾರ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಹುಷಾರಾಗಿ ಬಂದಳು ಬಿಡು. ಆದರೂ ಆ ರಾತ್ರಿ ನಾನು "ಬರೀ ಕಲ್ಪನೆ" ಅಂತ ಅಷ್ಟು ಕೂಗಾಡಿದ್ದು ನಿನ್ನನ್ನು ಸೋಲಿಸಲಿಕ್ಕಲ್ಲ ಕಣೋ. ನಿಜ ಅಂತ ಒಪ್ಪಿದ್ದರೆ ಅಜ್ಜಿ ಮೇಲೆ ಸಿಟ್ಟು ಬರುತ್ತಿತ್ತು.

ಇಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಹೋದ ತಿಂಗಳು ಅಮ್ಮನಿಗೆ ಆಪರೇಷನ್ ಆಯಿತಲ್ಲ, ಅದರ ಹಿಂದಿನ ರಾತ್ರಿ ಸ್ಟೂಲ್ ಹಾಕಿಕೊಂಡು ಅಡುಗೆಮನೆಯ ಸಜ್ಜಾ ಹತ್ತಿದೆ. ವಯಸ್ಸು 42. ಕೈಯಲ್ಲಿ ಒಂದು ಅಚ್ಚು ಬೆಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಇರುವೆಗಳೂ ಚೆನ್ನಾಗಿವೆ. ಬೆಲ್ಲ ಅಲ್ಲಿಗೆ ಹೇಗೆ ಹೋಯಿತು ಅಂತ ಹೆಂಡತಿ ಕೇಳಿದಳು. ಬಂದಾಗ ಕದ್ದು ತಿನ್ನಲು ನೀನೇ ಬಚ್ಚಿಟ್ಟಿದ್ದು ಅಂದೆ. ನಿನ್ನ ಶುಗರ್ ವಿಷಯ ಗೊತ್ತಲ್ಲ, ತಕ್ಷಣ ನಂಬಿದಳು. ನನ್ನ ಪೋಸ್ಟ್ ಓದುವುದನ್ನು ಅವಳು ಬಿಟ್ಟು ವರ್ಷಗಳಾದವು, ಆ ಭಯ ಇಲ್ಲ. ಫೋನ್ ಮಾಡಿ ಬೈಯುತ್ತಾಳೆ. ಸುಮ್ನೆ ಬೈಸಿಕೋ.