ಹಾಡದ ನಾಯಕಿಗೆ ಮತ್ತು ಬೆಟಗೇರಿಯವರಿಗೆ

ನಮ್ಮ 11 ನಿಮಿಷದ ಕಿರುಚಿತ್ರ ಕಳೆದ ಭಾನುವಾರ ಗದಗಿನಲ್ಲಿ ಮೊದಲ ಸಲ ಜನರ ಮುಂದೆ ಬಂತು. ಕುರ್ಚಿ ಸಾಲದೆ ಜಮಖಾನೆ ಹಾಸಬೇಕಾಯಿತು. ಬಂದು ನೋಡಿದವರಿಗೂ, ಕೂತು ಕೇಳಿದವರಿಗೂ ಥ್ಯಾಂಕ್ಸ್.

ಎಲ್ಲಕ್ಕಿಂತ ಮೊದಲು ನಮ್ಮ ನಾಯಕಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರಿಗೆ ಕಣ್ಣು ಕಾಣುವುದಿಲ್ಲ. ಪಾತ್ರದ ಬಗ್ಗೆ ಮಾತಾಡಲು ಹೋದಾಗ ನಾವು ಬಾಯಿ ಬಿಡುವ ಮೊದಲೇ, "ನಾ ಹಾಡಂಗಿಲ್ರಿ, ಈಗ ಹೇಳಿಬಿಡ್ತೀನಿ" ಅಂದರು. ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಸಂಗೀತ ಕಲಿತಿದ್ದಾರೆ. ಅದು ಊರಿನ ಹೆಮ್ಮೆ. ಆದರೆ ಸಿನಿಮಾದಲ್ಲಿ ಕಣ್ಣಿಲ್ಲದವರು ಒಂದೋ ಹಾಡುತ್ತಾರೆ, ಇಲ್ಲ ಅಳುತ್ತಾರೆ. ನಮ್ಮ ನಾಯಕಿ ಮೊಬೈಲ್ ರೀಚಾರ್ಜ್ ಅಂಗಡಿ ನಡೆಸುತ್ತಾರೆ, ಐದು ರೂಪಾಯಿಗೆ ಆಟೊದವರ ಜೊತೆ ಜಗಳ ಆಡುತ್ತಾರೆ. ಚಿತ್ರದಲ್ಲೂ ಅಷ್ಟೇ. ಜಗಳ ಸ್ವಲ್ಪ ಜಾಸ್ತಿ.

ಪರದೆ ಮೇಲೆ ಏನಿರಬೇಕು ಅನ್ನುವುದೂ ಅವರದೇ ತೀರ್ಮಾನ. ಇಂಥ ಕಥೆ ಅಂದರೆ ಪರದೆ ಕಪ್ಪು ಮಾಡುವುದು ರೂಢಿ. ಆದರೆ ಕಣ್ಣು ಕಾಣದ ತುಂಬಾ ಜನರಿಗೆ ಬೆಳಕಿನ ಸುಳಿವಾದರೂ ಇರುತ್ತದೆ. ಇವರಿಗೆ ಬೆಳಿಗ್ಗೆ ಕಿಟಕಿ ಎಲ್ಲಿದೆ ಅಂತ ಗೊತ್ತಾಗುತ್ತದೆ. ಅದಕ್ಕೇ ಫೋಕಸ್ ಪೂರ್ತಿ ತಪ್ಪಿಸಿ, ಬರೀ ಬೆಳಕಿನ ಕಲೆಗಳನ್ನು ಹಿಡಿದೆವು. ಕಥೆಯನ್ನು ಸದ್ದಿಗೆ ಬಿಟ್ಟೆವು. ಇದೇನು ಹೊಸದಲ್ಲ. ಬ್ರಿಟನ್ನಿನ ಡೆರೆಕ್ ಜಾರ್ಮನ್ ದೃಷ್ಟಿ ಹೋಗುತ್ತಿದ್ದಾಗ ಮಾಡಿದ 'ಬ್ಲೂ' (1993) ಚಿತ್ರದಲ್ಲಿ 79 ನಿಮಿಷವೂ ಒಂದೇ ನೀಲಿ, ಜೊತೆಗೆ ದನಿ. ಅದರ ಮುಂದೆ ನಮ್ಮದು ಭರ್ಜರಿ ದೃಶ್ಯವೈಭವ, ಅಲ್ವಾ?

ದುಡ್ಡು ಹಾಕಬೇಕಿದ್ದ ಒಬ್ಬರು, "ಕಣ್ಣಿರುವ ನಟಿ ಕುರುಡಿಯಾಗಿ ಅಭಿನಯಿಸಿದರೆ ಪ್ರಶಸ್ತಿ ಬರುತ್ತದೆ. ಈ ಕಡೆ ಭಾಷೆ ಕಾಮಿಡಿಗೆ ಸರಿ, ಇದಕ್ಕೆ ಬೇಡ" ಅಂದು ಕೈಬಿಟ್ಟರು. ಆ ವಾರವೆಲ್ಲ ನಾನು ಮಂಕಾಗಿದ್ದೆ. ನಾಯಕಿ ಒಂದು ಹಳೇ ಸುದ್ದಿ ಕಳಿಸಿದರು. ಸಿನಿಮಾದಲ್ಲಿ ಅಂಗವಿಕಲರನ್ನು ತೋರಿಸುವ ಬಗ್ಗೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಅವರ ವಿಷಯವನ್ನು ಅವರನ್ನು ಬಿಟ್ಟು ಮಾಡಬಾರದು ಅನ್ನುವ ತತ್ವವನ್ನು ಅದರಲ್ಲಿ ಎತ್ತಿ ಹೇಳಿದ್ದಾರೆ. ಕೆಳಗೆ ನಾಯಕಿಯದೇ ಒಂದು ಸಾಲು: "ಶೂಟಿಂಗ್ ಯಾವಾಗ್ರಿ?"

ಆಮೇಲೆ ಗೆಳೆಯರು ಕೈಲಾದಷ್ಟು ಕೂಡಿಸಿದರು. ಬೆಟಗೇರಿಯಲ್ಲಿ ಒಂದೇ ಮಗ್ಗದ ಸದ್ದು ಬೇಕು ಅಂದಾಗ, ಮಾಲೀಕರೊಬ್ಬರು ಉಳಿದ ಮಗ್ಗಗಳನ್ನೆಲ್ಲ ಅರ್ಧ ದಿನ ನಿಲ್ಲಿಸಿದರು. ನೇಕಾರರ ಕೂಲಿ ಅವರೇ ಕೊಟ್ಟರು, ನಮ್ಮ ದುಡ್ಡು ಮುಟ್ಟಲಿಲ್ಲ. ಈ ಋಣ ದೊಡ್ಡದು. ರೊಟ್ಟಿ ಬಡಿಯುವ ಸದ್ದು ಕೊಟ್ಟ ನಾಯಕಿಯ ಅವ್ವನಿಗೂ ಶರಣು. ಮೈಕ್ ಕಂಡ ಕೂಡಲೇ ಅವರು ಮೆಲ್ಲಗೆ ಬಡಿಯುತ್ತಿದ್ದರು. ಕೊನೆಗೆ ಮೈಕನ್ನು ಹಿಟ್ಟಿನ ಡಬ್ಬಿ ಹಿಂದೆ ಇಡಬೇಕಾಯಿತು.

ಚಿತ್ರಮಂದಿರದ ಸಿನಿಮಾಗಳಿಗೆ ಆಡಿಯೊ ವಿವರಣೆ, ಅಂದರೆ ಪರದೆ ಮೇಲೆ ಕಾಣುವುದನ್ನು ಮಾತಿನಲ್ಲಿ ಹೇಳುವ ದನಿ, ಇರಬೇಕು ಅಂತ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ತಂದಿದೆ. ನಮ್ಮಂಥ ಕಿರುಚಿತ್ರದವರನ್ನು ಯಾರೂ ಅದನ್ನು ಕೇಳುವುದಿಲ್ಲ. ಆದರೂ ಧಾರವಾಡದ ಗೆಳತಿ ಸುಮ್ನೆ ಕೂರದೆ ಬರೆದುಕೊಟ್ಟಳು. ಮಸುಕು ಕಲೆಗಳನ್ನು ವಿವರಿಸುವುದು ಹೇಗೆ? ಅವಳು ಬರೆದದ್ದು: "ಎಡಕ್ಕೆ ಬೆಳಕು. ಈಗ ಇಲ್ಲ."

ಇನ್ನು ಹುಬ್ಬಳ್ಳಿಯಲ್ಲಿ ತೋರಿಸಬೇಕು. ಮೆಟ್ಟಿಲು ಕಡಿಮೆ ಇದ್ದು ಸ್ಪೀಕರ್ ಚೆನ್ನಾಗಿರುವ ಹಾಲ್ ಗೊತ್ತಿದ್ದರೆ ತಿಳಿಸಿ. ಪ್ರೊಜೆಕ್ಟರ್ ಸುಮಾರಾಗಿದ್ದರೂ ನಡೆಯುತ್ತದೆ.